ಇನ್ನು ತಿಂಗಳಿಗೊಮ್ಮೆ ನಿಮ್ಮ ಸರ್ವರ್ ಪೂರ್ತಿ ಆಫ್ ಆಗಲಿದೆ

ಆತ್ಮೀಯ ಗ್ರಾಹಕರೇ, ನಮಸ್ಕಾರ.

ಮುಂದಿನ ತಿಂಗಳಿನಿಂದ ಪ್ರತಿ ನಾಲ್ಕನೇ ಭಾನುವಾರ ಬೆಳಗಿನ ಜಾವ 2ರಿಂದ 4ರೊಳಗೆ, ಸುರಕ್ಷತೆಯ ಅಪ್‌ಡೇಟ್‌ಗಳನ್ನು ಜಾರಿಗೆ ತರಲು, ನಿಮ್ಮ ವರ್ಚುವಲ್ ಸರ್ವರನ್ನು ನಾವೇ ಆಫ್ ಮಾಡಿ ಮತ್ತೆ ಆನ್ ಮಾಡುತ್ತೇವೆ. 11 ಮತ್ತು 20ನೇ ತಾರೀಖಿನ ಜಿಎಸ್‌ಟಿ ಗಡುವುಗಳು ದಾಟಿರಲಿ, ಸಂಬಳದ ದಿನಗಳು ಇನ್ನೂ ಬಂದಿರಬಾರದು ಎಂದು ನೋಡಿಯೇ ಈ ದಿನ ಗೊತ್ತು ಮಾಡಿದ್ದೇವೆ.

ಇಲ್ಲಿಯವರೆಗೆ ಒಬ್ಬೊಬ್ಬರಿಗೂ ಫೋನ್ ಮಾಡಿ ಒಪ್ಪಿಗೆ ಕೇಳುತ್ತಿದ್ದೆವು. ಎಲ್ಲರಿಗೂ ಹೊಂದುವ ದಿನ ಸಿಗದೆ ಅಪ್‌ಡೇಟ್‌ಗಳು ವಾರಗಟ್ಟಲೆ ಹಿಂದೆ ಬಿದ್ದವು. ಅದು ನಮ್ಮ ತಪ್ಪು. ಕ್ಷಮಿಸಿ.

ಒಂದೇ ಯಂತ್ರದಲ್ಲಿ ನಿಮ್ಮ ಸರ್ವರ್ ಜೊತೆ ಬೇರೆಯವರದ್ದೂ ಇರುತ್ತದೆ, ವಠಾರದ ಮನೆಗಳ ಹಾಗೆ. ನಡುವಿನ ಗೋಡೆ ಕಟ್ಟುವುದು ಕೆವಿಎಂ ಮತ್ತು ಕ್ಯೂಎಮು ಎಂಬ ಸಾಫ್ಟ್‌ವೇರ್. ಆ ಗೋಡೆ ಬಿರುಕು ಬಿಟ್ಟರೆ ನಿಮ್ಮ ಪಾಸ್‌ವರ್ಡ್ ಎಷ್ಟೇ ಗಟ್ಟಿಯಿದ್ದರೂ ಉಪಯೋಗವಿಲ್ಲ. 2015ರ ಮೇ ತಿಂಗಳಲ್ಲಿ ಬಯಲಾದ 'ವೆನಮ್' ದೋಷವನ್ನೇ ನೋಡಿ. ಅದು ಅಡಗಿದ್ದದ್ದು ಕ್ಯೂಎಮುವಿನ ಫ್ಲಾಪಿ ಡ್ರೈವ್ ಕೋಡ್‌ನಲ್ಲಿ, 2004ರಿಂದಲೂ. ಫ್ಲಾಪಿಯನ್ನು ಮುಟ್ಟದವರ ಸರ್ವರ್‌ಗಳಿಗೂ ಅಪಾಯ ಇತ್ತು: ಪಕ್ಕದ ಸರ್ವರ್‌ನಲ್ಲಿ ಪೂರ್ಣ ಅಧಿಕಾರವಿರುವ ಒಬ್ಬ ದುಷ್ಟ ಗೋಡೆ ಒಡೆದು ಕೆಳಗಿನ ಯಂತ್ರಕ್ಕೇ ಇಳಿಯಬಹುದಿತ್ತು.

ತಡ ಮಾಡಿದರೆ ಏನಾಗುತ್ತದೆ ಎಂಬುದೂ ಕಣ್ಣ ಮುಂದಿದೆ. ಇಂಥದೇ ಗೋಡೆ ಕಟ್ಟುವ ಇನ್ನೊಂದು ಸಾಫ್ಟ್‌ವೇರ್ ವಿಎಂವೇರ್ ಇಎಸ್‌ಎಕ್ಸ್‌ಐ. ಅದರ ಒಂದು ದೋಷವನ್ನು ಸರಿಪಡಿಸುವ ಪ್ಯಾಚ್ 2021ರ ಫೆಬ್ರವರಿಯಲ್ಲೇ ಬಂದಿತ್ತು. ಎರಡು ವರ್ಷದ ನಂತರ, 2023ರ ಫೆಬ್ರವರಿಯಲ್ಲಿ, ಹಳೆಯದನ್ನೇ ಇಟ್ಟುಕೊಂಡಿದ್ದ ಸಾವಿರಾರು ಸರ್ವರ್‌ಗಳ ಫೈಲ್‌ಗಳಿಗೆ ದಾಳಿಕೋರರು ಬೀಗ ಹಾಕಿ ಹಣ ಕೇಳಿದರು. ಇದನ್ನು ನೆನೆದಾಗಲೆಲ್ಲ ನಮಗೆ ನಿದ್ದೆ ಬರುವುದಿಲ್ಲ.

"ನಾವೇ ಒಳಗಿನಿಂದ ರೀಬೂಟ್ ಮಾಡಿದರೆ ಸಾಲದೇ?" ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಸಾಲದು. ರೀಬೂಟ್ ಮಾಡಿದಾಗ ಒಳಗಿನ ವಿಂಡೋಸ್ ಅಥವಾ ಲಿನಕ್ಸ್ ಮಾತ್ರ ಹೊಸದಾಗಿ ಏಳುತ್ತದೆ. ಅದನ್ನು ಹೊತ್ತಿರುವ ಕ್ಯೂಎಮು ಪ್ರಕ್ರಿಯೆ ಹಳೆಯ ಕೋಡ್ ಹಿಡಿದುಕೊಂಡು ಮೆಮೊರಿಯಲ್ಲಿ ಹಾಗೇ ಓಡುತ್ತಿರುತ್ತದೆ. ಡಿಸ್ಕ್‌ನಲ್ಲಿ ಹೊಸ ಆವೃತ್ತಿ ಕೂತಿದ್ದರೂ ಅಷ್ಟೇ. ಪೂರ್ತಿ ಆಫ್ ಮಾಡಿ ಆನ್ ಮಾಡಿದಾಗಲೇ ಹೊಸದು ಜಾರಿಗೆ ಬರುವುದು. ಶೇರ್ಡ್ ಸ್ಟೋರೇಜ್‌ನಲ್ಲಿರುವ, ಅಂದರೆ ಹಲವು ಯಂತ್ರಗಳು ಹಂಚಿಕೊಳ್ಳುವ ಡಿಸ್ಕ್‌ನಲ್ಲಿರುವ ಸರ್ವರ್‌ಗಳನ್ನು ಮಾತ್ರ ನಿಲ್ಲಿಸದೆಯೇ, ಆಗಲೇ ಅಪ್‌ಡೇಟ್ ಆದ ಇನ್ನೊಂದು ಯಂತ್ರಕ್ಕೆ ಸಾಗಿಸುತ್ತೇವೆ.

ನಿಮ್ಮಿಂದ ಆಗಬೇಕಾದದ್ದು ಇಷ್ಟು: ಶನಿವಾರ ರಾತ್ರಿ ಟ್ಯಾಲಿ, ಡೇಟಾಬೇಸ್ ಎಲ್ಲ ಸರಿಯಾಗಿ ಮುಚ್ಚಿ, ಬ್ಯಾಕಪ್ ತೆಗೆದುಕೊಳ್ಳಿ. ಸರ್ವರ್ ಆನ್ ಆದಾಗ ನಿಮ್ಮ ಪ್ರೋಗ್ರಾಂಗಳು ತಾವಾಗಿಯೇ ಶುರುವಾಗುತ್ತವೆಯೇ ಎಂದು ಈಗಲೇ ಒಮ್ಮೆ ಪರೀಕ್ಷಿಸಿ. ಸರ್ವರ್ ಒಳಗಿನ ಅಪ್‌ಡೇಟ್ ಮಾತ್ರ ನಿಮ್ಮದೇ ಜವಾಬ್ದಾರಿ. 2018ರಲ್ಲಿ ಬಯಲಾದ, ಪ್ರೊಸೆಸರ್ ಚಿಪ್‌ನ 'ಮೆಲ್ಟ್‌ಡೌನ್' ದೋಷದಲ್ಲಿ ನಾವು ಕೆಳಗೆ ಸರಿಪಡಿಸಿದರೆ ಸಾಕಾಗಲಿಲ್ಲ, ಒಳಗಿನ ವ್ಯವಸ್ಥೆಯನ್ನೂ ಸರಿಪಡಿಸಬೇಕಾಯಿತು.

ದಾಳಿಕೋರರು ಆಗಲೇ ಬಳಸುತ್ತಿರುವ ದೋಷವಾದರೆ ಭಾನುವಾರದವರೆಗೆ ಕಾಯುವುದಿಲ್ಲ. ಎಸ್‌ಎಂಎಸ್ ಕಳಿಸಿ ಅದೇ ರಾತ್ರಿ ಕೆಲಸ ಮುಗಿಸುತ್ತೇವೆ. ನಾಲ್ಕನೇ ಭಾನುವಾರ ನಿಮಗೆ ನಿಜಕ್ಕೂ ಆಗದಿದ್ದರೆ ಹಿಂದಿನ ಬುಧವಾರದೊಳಗೆ ತಿಳಿಸಿ. ಅದೇ ವಾರದ ಇನ್ನೊಂದು ರಾತ್ರಿ ಕೊಡುತ್ತೇವೆ, ಮುಂದಿನ ತಿಂಗಳಿಗೆ ಮುಂದೂಡುವುದಿಲ್ಲ.

ಇಂತಿ ನಿಮ್ಮ,
ಸರ್ವರ್ ನಿರ್ವಹಣಾ ತಂಡ