ಕಿಲಿಮಂಜಾರೊ ತಪ್ಪಲಿನ ಮಗಳಿಗೆ

ವಿರಾಜಪೇಟೆ
ಮಾರ್ಚ್

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ಏನೂ ಸರಿಯಾಗಿ ಹೇಳೋಕೆ ಆಗೋದಿಲ್ಲ. ಮಾತು ಬರುವ ಹೊತ್ತಿಗೆ ನೆಟ್‌ವರ್ಕ್ ಹೋಗಿರುತ್ತದೆ. ಅದಕ್ಕೇ ಕಾಗದ ಹಿಡಿದು ಕೂತೆ. ಊರವರೆಲ್ಲ ಈಗ ನಿನ್ನನ್ನು ಸಿಸ್ಟರ್ ಅನ್ನುತ್ತಾರೆ, ಅನ್ನಲಿ. ನಾನು ಮಾತ್ರ ಪುಟ್ಟಿ ಅಂತಲೇ ಬರೆಯೋದು. ಅಲ್ಲಿನ ಕಾನ್ವೆಂಟಿನ ಮದರ್ ಕೈಗೆ ಇದು ಸಿಕ್ಕರೂ ಓದೋಕೆ ಬರಬೇಕಲ್ಲ!

ಮೊನ್ನೆ ನೀನು ಟಾಂಜಾನಿಯಾದ ಮೋಶಿಯಿಂದ ಅಂದೆಯಲ್ಲ, "ಅಮ್ಮಾ, ಸ್ವಾಹಿಲಿ ಮಾತು ಬಾರದೆ ಇಲ್ಲಿ ನಾನು ಯಾವ ಕೆಲಸಕ್ಕೂ ಬಾರದವಳು. ಪೂಜೆಯಲ್ಲಿ ವಾಚನ ಓದೋಕೆ ಬರಲ್ಲ, ಮಕ್ಕಳಿಗೆ ಒಂದು ಕಥೆ ಹೇಳೋಕೆ ಬರಲ್ಲ, ಬಾಯಿ ಬಿಟ್ಟರೆ ನಗ್ತಾರೆ" ಅಂತ. ಪಪ್ಪ ಕೇಳಿ ಸುಮ್ಮನಾದರು. ನನಗೆ ಅಷ್ಟು ಗಾಬರಿ ಆಗಲಿಲ್ಲ. ಯಾಕೆ ಅಂದರೆ ನಿನ್ನಂಥವರು ಪ್ರತಿ ಜೂನ್‌ನಲ್ಲೂ ನನ್ನ ಒಂದನೇ ಕ್ಲಾಸಿಗೆ ಬಂದು ಕೂರುತ್ತಾರೆ.

ನಿನಗೇ ಗೊತ್ತಲ್ಲ ನಮ್ಮ ಶಾಲೆ. ಹಾಡಿಯಿಂದ ಬರುವ ಎರವ ಬುಡಕಟ್ಟಿನ ಮಕ್ಕಳಿಗೆ ಒಂದು ಮಾತು, ತೋಟದ ಕೂಲಿಯವರ ಲೈನ್‌ಮನೆಯ ಮಕ್ಕಳಿಗೆ ತಮಿಳೋ ಮಲಯಾಳವೋ. ಈಗೀಗ ಅಸ್ಸಾಂನಿಂದ ಕೆಲಸಕ್ಕೆ ಬಂದವರ ಮಕ್ಕಳೂ ಇದ್ದಾರೆ. ಈ ವರ್ಷ ಒಬ್ಬಳು ಎರವರ ಹುಡುಗಿ ಬಂದಳು. ಕಿಟಕಿ ಪಕ್ಕದ ಜಾಗ ಬಿಟ್ಟು ಏಳಲಿಲ್ಲ, ದಸರಾ ರಜೆವರೆಗೆ ಬಾಯೂ ಬಿಡಲಿಲ್ಲ. ಹೆಸರು ಕೂಗಿದರೆ ಕೈ ಎತ್ತುತ್ತಿದ್ದಳು, ಅಷ್ಟೇ. ನಾನೂ ಬಲವಂತ ಮಾಡಲಿಲ್ಲ. ರಜೆ ಮುಗಿದ ಮೇಲೆ ಒಂದು ದಿನ ಬಿಸಿಯೂಟಕ್ಕೆ ಕೂತಿದ್ದಾಗ ಎದ್ದು ನಿಂತು, "ಟೀಚರ್, ಇವನಿಗೆ ಮೊಟ್ಟೆ ಕೊಟ್ಟಿಲ್ಲ" ಅಂದಳು. ಪಕ್ಕದ ಹುಡುಗನ ತಟ್ಟೆ ತೋರಿಸುತ್ತಿದ್ದಳು. ಒಂದಕ್ಷರ ತಪ್ಪಿಲ್ಲ. ಅಡುಗೆಯವರು ಸೌಟು ಹಿಡಿದುಕೊಂಡೇ ನಿಂತುಬಿಟ್ಟರು.

ಅಷ್ಟು ತಿಂಗಳು ಅವಳು ಸುಮ್ನೆ ಕೂತಿರಲಿಲ್ಲ, ಕಿವಿ ತುಂಬಿಸಿಕೊಳ್ಳುತ್ತಿದ್ದಳು. ಮಕ್ಕಳಿಗೆ ಈ ಸಮಯ ಕೊಡುತ್ತೇವೆ, ದೊಡ್ಡವರಿಗೆ ಕೊಡೋದಿಲ್ಲ. ನೀನಂತೂ ನಿನಗೇ ಕೊಟ್ಟುಕೊಳ್ಳುತ್ತಿಲ್ಲ. ಸೇವೆ ಮಾಡೋಕೆ ಹೋದವಳು ನಾನು, ಕೂತು ತಿನ್ನೋಕಲ್ಲ ಅಂತ ನಿನಗೆ ಅವಸರ. ಆದರೆ ಮೊದಲ ವರ್ಷ ಅಲ್ಲಿನವರೇ ನಿನ್ನ ಸೇವೆ ಮಾಡಬೇಕು ಪುಟ್ಟಿ. ಅಡುಗೆಮನೆಯ ಅಮ್ಮ ನಿನಗೆ ಪಾತ್ರೆಗಳ ಹೆಸರು ಹೇಳಿಕೊಡಲಿ. ಗೇಟಿನ ಹತ್ತಿರದ ಹುಡುಗರು ನಕ್ಕು ತಿದ್ದಲಿ. ಕೊಡೋಕೆ ನಿನ್ನ ಹತ್ತಿರ ಏನೂ ಇಲ್ಲದ ಈ ದಿನಗಳಲ್ಲೇ ಅವರಿಗೆ ನಿನ್ನ ಮೇಲೆ ಸಲುಗೆ ಬರೋದು. ಎಲ್ಲ ಕಲಿತು ಪಾಠ ಹೇಳೋಕೆ ನಿಂತ ಮೇಲೆ ಆ ಸಲುಗೆ ಬರೋದು ಕಷ್ಟ. ಇದು ನನ್ನ ಅಭಿಪ್ರಾಯ, ನಿಮಗೆ ತರಬೇತಿ ಕೊಡುವ ಫಾರ್ಮೇಶನ್ ಸಿಸ್ಟರ್ ಏನನ್ನುತ್ತಾರೋ ಗೊತ್ತಿಲ್ಲ.

ಗಂಟೆಯ ಕಥೆ ಕೇಳಿ ಪಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. "ಸಾ ಮ್ಬಿಲಿ"ಗೆ, ಅಂದರೆ ಎರಡು ಗಂಟೆಗೆ, ಕ್ಲಾಸು ಅಂದಿದ್ದಕ್ಕೆ ಮಧ್ಯಾಹ್ನ ಎರಡಕ್ಕೆ ಹೋದೆಯಂತೆ, ಬೆಳಿಗ್ಗೆ ಎಂಟರ ಕ್ಲಾಸು ಯಾವಾಗಲೋ ಮುಗಿದಿತ್ತಂತೆ. ಅವರದು ಸೂರ್ಯ ಹುಟ್ಟಿದಲ್ಲಿಂದ ಲೆಕ್ಕ, ಬೆಳಿಗ್ಗೆ ಏಳು ಅಂದರೆ ಒಂದು ಗಂಟೆ. ಭೂಮಧ್ಯರೇಖೆಗೆ ಹತ್ತಿರದ ಊರು, ವರ್ಷವಿಡೀ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬೆಳಗಾಗುತ್ತದೆ, ಹಾಗಾಗಿ ಲೆಕ್ಕ ಕೈಕೊಡೋದಿಲ್ಲ. ನಮ್ಮ ಪಂಚಾಂಗದ ಘಳಿಗೆಯೂ ಸೂರ್ಯೋದಯದಿಂದಲೇ ಅಲ್ವಾ? ನಿನ್ನ ಮುಳ್ಳಿನ ವಾಚಿನಲ್ಲಿ ಗಂಟೆ ಮುಳ್ಳಿಗೆ ನೇರ ಎದುರಿರುವ ಅಂಕಿ ನೋಡು. ಎಂಟರ ಎದುರು ಎರಡು, ಏಳರ ಎದುರು ಒಂದು. ಅದೇ ಅವರ ಗಂಟೆ.

ನೀನು ಕಳಿಸಿದ ನೋಟ್ಸಿನ ಫೋಟೋ ನೋಡಿದೆ. ಟೀಚರ್ ಬುದ್ಧಿ, ಬಿಡಬೇಕಲ್ಲ. ನಾವು ಒಂದನ್ನು ಹಲವು ಮಾಡೋಕೆ ಕೊನೆಗೆ "ಗಳು" ಸೇರಿಸುತ್ತೇವೆ. ಅವರು ಮುಂದಿನ ತುದಿಯನ್ನೇ ಬದಲಾಯಿಸುತ್ತಾರೆ. ಒಂದು ಮಗು ಮ್ಟೋಟೊ, ಮಕ್ಕಳು ವಾಟೋಟೊ. ಒಂದು ಪುಸ್ತಕ ಕಿಟಾಬು, ಪುಸ್ತಕಗಳು ವಿಟಾಬು. ಜೊತೆಗೆ "ಒಳ್ಳೆಯ" ಅನ್ನೋದೂ ಅದರ ಹಿಂದೆ ವೇಷ ಬದಲಿಸಬೇಕು, ಕಿಟಾಬು ಕಿಜೂರಿ, ವಿಟಾಬು ವಿಜೂರಿ. ಕೋಷ್ಟಕ ಬಾಯಿಪಾಠ ಮಾಡಬೇಡ. ಎರಡೆರಡು ಮಾತನ್ನು ಜೊತೆಯಾಗಿಯೇ ಕಲಿ, ಆಮೇಲೆ ನಾಲಿಗೆಯೇ ಹೊಂದಿಸಿಕೊಳ್ಳುತ್ತದೆ. ಜಪವನ್ನೂ ಅವರ ಜೊತೆ ಗಟ್ಟಿಯಾಗಿ ಹೇಳು. "ಸ್ವರ್ಗದಲ್ಲಿರುವ ನಮ್ಮ ತಂದೆಯೇ" ನಿನಗೆ ನಿದ್ದೆಯಲ್ಲೂ ಬರುತ್ತದೆ, ಹಾಗಾಗಿ "ಬಾಬಾ ಯೇಟು" ಶುರು ಮಾಡಿದರೆ ಅರ್ಥ ಹುಡುಕೋ ಕೆಲಸವೇ ಇಲ್ಲ.

ಹೊರಗಿನಿಂದ ಬಂದು ನಮ್ಮ ಮಾತು ಕಲಿತವರನ್ನೂ ನೆನೆಸಿಕೋ. ಪಾದ್ರಿ ಮೋಗ್ಲಿಂಗ್ 1836ರಲ್ಲಿ ಜರ್ಮನಿಯಿಂದ ಬಂದರು, 1843ರಲ್ಲಿ ಮಂಗಳೂರು ಸಮಾಚಾರ ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಅದು. ಆಮೇಲೆ ನಮ್ಮ ಕೊಡಗಿಗೂ ಬಂದು ಅಮ್ಮತ್ತಿ ಕಡೆಯ ಆನಂದಪುರದಲ್ಲಿ ನೆಲೆಸಿದರು. ಕಿಟ್ಟೆಲ್ ಬಂದದ್ದು 1853ರಲ್ಲಿ, ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ಬೋಧನೆ ಮಾಡೋಕೆ ಬಂದವರು ಅಷ್ಟು ವರ್ಷ ಜನರ ಮಾತು ಕೇಳಿ ಬರೆದುಕೊಳ್ಳುತ್ತಾ ಕೂತರು. ಅವರು ಪ್ರಾಟೆಸ್ಟೆಂಟರು, ನಾವು ಕಥೋಲಿಕರು ಅನ್ನೋದು ಬೇರೆ ಮಾತು. ಅವರ ಧರ್ಮಬೋಧೆಯ ಪ್ರಸಂಗಗಳನ್ನು ಈಗ ಯಾರು ಓದುತ್ತಾರೋ, ನಮ್ಮ ಶಾಲೆ ಕಪಾಟಿನಲ್ಲಿ ಕಿಟ್ಟೆಲ್ ನಿಘಂಟಂತೂ ಇದೆ.

ನಿಮ್ಮ ಮೋಶಿ ಸುತ್ತ ಬಾಳೆ ನೆರಳಲ್ಲಿ ಕಾಫಿ ಬೆಳೆಯುತ್ತಾರೆ ಅಂದೆಯಲ್ಲ, ಪಪ್ಪನಿಗೆ ಅದನ್ನು ಕೇಳಿದಾಗಿನಿಂದ ನಿದ್ದೆ ಇಲ್ಲ. ಬಾಳೆ ಇಷ್ಟು ಒತ್ತಾಗಿದ್ದರೆ ಗಿಡಕ್ಕೆ ಬೆಳಕು ಎಲ್ಲಿಂದ, ಮೆಣಸಿನ ಬಳ್ಳಿ ಯಾಕೆ ಹಬ್ಬಿಸಿಲ್ಲ ಅಂತ ನೂರು ಪ್ರಶ್ನೆ. ಜುಲೈ ಹೊತ್ತಿಗೆ ಅಲ್ಲಿ ಕುಯ್ಲು ಶುರು ಆಗುತ್ತಲ್ಲ, ಅನುಮತಿ ಕೇಳಿ ಹೆಂಗಸರ ಜೊತೆ ಬುಟ್ಟಿ ಹಿಡಿದು ಹೋಗು. ನೀನು ಮಲಯಾಳ ಕಲಿತದ್ದು ಎಲ್ಲಿ? ಕ್ಲಾಸಿನಲ್ಲಾ? ಪಕ್ಕದ ತೋಟದಲ್ಲಿ ಹಣ್ಣು ಕುಯ್ಯುವವರ ಹಿಂದೆ ಓಡಾಡಿ ತಾನೇ. ಅದರಲ್ಲಿ ಮೊದಲು ಕಲಿತದ್ದು ಬೈಗುಳ ಅನ್ನೋದನ್ನು ಮದರ್‌ಗೆ ಹೇಳಬೇಡ.

ಉಗಾಲಿ ನಮ್ಮ ಮುದ್ದೆ ಥರಾನೇ, ಮೆಕ್ಕೆಜೋಳದ ಹಿಟ್ಟಿನದು ಅಂದೆ. ಹರಿವೆ ಸೊಪ್ಪೂ ಸಿಗುತ್ತದಂತೆ. ಸರಿ ಹಾಗಾದರೆ, ಹೊಟ್ಟೆ ಬಗ್ಗೆ ನನಗೆ ಚಿಂತೆ ಇಲ್ಲ. ಸೊಳ್ಳೆಪರದೆ ಮಾತ್ರ ಒಂದು ರಾತ್ರಿಯೂ ಬಿಡಬೇಡ.

ಇಲ್ಲಿ ಮೊನ್ನೆ ಹೂಮಳೆ ಚೆನ್ನಾಗಿ ಬಂತು, ಇನ್ನೊಂದು ವಾರಕ್ಕೆ ಕಾಫಿ ಹೂ ಬಿಟ್ಟು ತೋಟ ಬೆಳ್ಳಗಾಗುತ್ತದೆ. ಆನೆ ಬಂದು ಹಿಂದಿನ ಬೇಲಿ ಮುರಿದು ಎರಡು ಬಾಳೆ ತಿಂದುಕೊಂಡು ಹೋಯಿತು. ಪಪ್ಪನ ಮಂಡಿನೋವು ಹಾಗೇ ಇದೆ, ಡಾಕ್ಟರ ಹತ್ತಿರ ಹೋಗು ಅಂದರೆ ಮಳೆ ಆಗಲಿ ಅನ್ನುತ್ತಿದ್ದರು, ಈಗ ಹೂ ಆಗಲಿ ಅನ್ನುತ್ತಾರೆ.

ಭಾನುವಾರ ನಮ್ಮ ರಾತ್ರಿ ಎಂಟೂವರೆಗೆ ಫೋನ್ ಮಾಡು. ಅಲ್ಲಿ ಆಗ ಸಂಜೆ ಆರು, ಅವರ ಲೆಕ್ಕದಲ್ಲಿ ಹನ್ನೆರಡು. ಪಪ್ಪನಿಗೆ ನಾನು ಎಂಟೂವರೆ ಅಂತ ಮಾತ್ರ ಹೇಳಿದ್ದೇನೆ. ಹನ್ನೆರಡು ಅಂದರೆ ನಡುರಾತ್ರಿವರೆಗೂ ಫೋನ್ ಹಿಡಿದು ಕೂರುವವರೇ ಅವರು.

ನಿನ್ನ
ಅಮ್ಮ