ಕಾಲುಸಂಕ ಕಟ್ಟಿದರೆ ಕಾಡು ಹಾಳಾಗುವುದೇ?

ಮಾನ್ಯ ಸಂಪಾದಕರೇ,

ಹೋದ ವರ್ಷ ಪುನರ್ವಸು ಮಳೆಯಲ್ಲಿ ನಮ್ಮ ಅತ್ತೆಯನ್ನು ಜೋಲಿಯಲ್ಲಿ ಹೊತ್ತು ಇಳಿಸಿದೆವು. ಬಿದಿರ ಗಳಕ್ಕೆ ಕಂಬಳಿ ಕಟ್ಟಿ, ಮುಂದೆ ಇಬ್ಬರು, ಹಿಂದೆ ಇಬ್ಬರು. ಹಳ್ಳದ ಹತ್ತಿರ ಅದೂ ಆಗಲಿಲ್ಲ. ಎರಡು ಅಡಿಕೆ ಮರ ಜೋಡಿಸಿದ ಸಂಕ. ಅದರ ಮೇಲೆ ಒಬ್ಬರೇ ಕಾಲಿಡಬೇಕು, ಪಾಚಿಗೆ ಹೆಬ್ಬೆರಳು ಜಾರುತ್ತದೆ. ನನ್ನ ಯಜಮಾನರು ಅತ್ತೆಯನ್ನು ಬೆನ್ನಿಗೆ ಕಟ್ಟಿಕೊಂಡು ದಾಟಿದರು. ನಾನು ಹಿಂದಿನಿಂದ ಅವರ ಕಾಲಿಗೆ ಹತ್ತಿ ರಕ್ತ ಹೀರುತ್ತಿದ್ದ ಇಂಬಳಗಳನ್ನು ನೋಡುತ್ತಿದ್ದೆ, ತೆಗೆಯಲು ಕೈ ಬಿಡುವಂತಿರಲಿಲ್ಲ. ಅತ್ತೆ ಉಳಿದರು. ಆದರೆ ಮನೆಗೆ ಬಂದ ಮೇಲೆ, "ಇನ್ನೊಂದು ಸಲ ಹೊರಬೇಡಿ ಮಗಾ, ಇಲ್ಲೇ ಬಿಟ್ಟುಬಿಡಿ" ಎಂದರು. ಆ ಮಾತು ನನಗೆ ನಿದ್ದೆ ಕೊಡುತ್ತಿಲ್ಲ.

ನಾವು ಮಲೆಕುಡಿಯರು, ಘಟ್ಟದ ಕಾಡಿನ ಬುಡಕಟ್ಟಿನವರು. ಕಳಸ ತಾಲ್ಲೂಕಿನಲ್ಲಿ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ನಮ್ಮ ಹನ್ನೊಂದು ಮನೆಗಳಿವೆ. 1987ರಲ್ಲಿ ಉದ್ಯಾನ ಘೋಷಣೆಯಾಗುವಾಗ ನನ್ನ ಅತ್ತೆ ಇಲ್ಲಿಗೆ ಸೊಸೆಯಾಗಿ ಬಂದು ಬಹಳ ವರ್ಷಗಳಾಗಿದ್ದವು. ಕೊಯ್ಲಿನ ಕಾಲದಲ್ಲಿ ಕಾಫಿ ತೋಟದ ಕೂಲಿ, ಬೇಸಿಗೆಯಲ್ಲಿ ಸೀಗೆಕಾಯಿ, ಜೇನು, ವಾಟೆಹುಳಿ. ಸೀಗೆ ಒಣಗಿಸಿ ಮೂಟೆ ಕಟ್ಟಿದರೂ ತಲೆಹೊರೆಯಲ್ಲೇ ಇಳಿಸಬೇಕು, ಅದಕ್ಕೆ ಒಂದು ದಿನದ ಕೂಲಿ ಹೋಗುತ್ತದೆ. ಹಾಗಾಗಿ ಹಾಡಿಗೇ ಬರುವ ವ್ಯಾಪಾರಿ ಹೇಳಿದ್ದೇ ದರ. ಮಳೆಗಾಲದಲ್ಲಿ ಸರ್ಕಾರ ಕೊಡುವ ಪೌಷ್ಟಿಕ ಆಹಾರವೂ ರಸ್ತೆ ಮುಗಿಯುವಲ್ಲಿಗೇ ನಿಲ್ಲುತ್ತದೆ. ಮಕ್ಕಳಿಗೆಂದು ಬಂದ ಮೊಟ್ಟೆಯನ್ನು ಸೆರಗಿನಲ್ಲಿ ಕಟ್ಟಿ ಅದೇ ಸಂಕ ದಾಟುತ್ತೇವೆ.

ನಾನು ಏಳನೇ ತರಗತಿ ಓದಿದವಳು. ಗ್ರಾಮಸಭೆ ನನ್ನನ್ನು ಅರಣ್ಯ ಹಕ್ಕು ಸಮಿತಿಗೆ ಆರಿಸಿದ ಮೇಲೆ 2006ರ ಅರಣ್ಯ ಹಕ್ಕು ಕಾಯ್ದೆಯನ್ನು ಮಗಳಿಂದ ಓದಿಸಿ ಕೇಳಿದೆ. ಸೆಕ್ಷನ್ 3(2)ರಲ್ಲಿ ಸ್ಪಷ್ಟವಾಗಿದೆ: ರಸ್ತೆ, ಅಂಗನವಾಡಿ, ವಿದ್ಯುತ್ ತಂತಿ, ಕುಡಿಯುವ ನೀರಿನಂಥ ಸೌಲಭ್ಯಗಳಿಗೆ, ಒಂದೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ ಕೊಡಬಹುದು, ಹೆಕ್ಟೇರಿಗೆ 75 ಮರ ಮೀರಿ ಕಡಿಯುವಂತಿಲ್ಲ, ಗ್ರಾಮಸಭೆಯ ಶಿಫಾರಸು ಬೇಕು. ಈ ಕಾಯ್ದೆ ರಾಷ್ಟ್ರೀಯ ಉದ್ಯಾನಕ್ಕೂ ಅನ್ವಯಿಸುತ್ತದೆ. ನಾವು ಕೇಳಿದ್ದು ಹಳ್ಳದವರೆಗೆ ಜೀಪು ಬರುವಷ್ಟು ದಾರಿ ಮತ್ತು ಒಂದು ಕಾಲುಸಂಕ. ಕಡಿಯಬೇಕಾದ ಮರಗಳನ್ನು ನಾವೇ ಎಣಿಸಿದ್ದೇವೆ, ಒಂಬತ್ತು. ಠರಾವು ಕೊಟ್ಟು ಮೂರು ವರ್ಷವಾಯಿತು. ಕಚೇರಿಯಲ್ಲಿ ಕೇಳಿದರೆ, ಉದ್ಯಾನದೊಳಗೆ ಏನೂ ಮಾಡುವಂತಿಲ್ಲ ಎನ್ನುತ್ತಾರೆ, ಅದನ್ನೂ ಬರೆದು ಕೊಡುವುದಿಲ್ಲ.

ಇದೇ ಬೆಟ್ಟಗಳಲ್ಲಿ 2005ರ ಕೊನೆಯವರೆಗೆ ಕಬ್ಬಿಣದ ಅದಿರು ತೆಗೆದರು. ಅದಿರು ಹರಿಯಲು ಮಂಗಳೂರಿನವರೆಗೆ ಕೊಳವೆ ಹಾಕಿದರು. ಅಷ್ಟಕ್ಕೆ ಜಾಗ ಕೊಟ್ಟ ಕಾಡಿನಲ್ಲಿ ಒಬ್ಬ ಮುದುಕಿ ದಾಟುವ ಸಂಕಕ್ಕೆ ಜಾಗವಿಲ್ಲವೇ?

ಅಧಿಕಾರಿಗಳು ಒಮ್ಮೆ ಸ್ಥಳಕ್ಕೆ ಬರಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ದಯವಿಟ್ಟು ಬೇಸಿಗೆಯಲ್ಲಿ ಬೇಡ, ಹಳ್ಳ ತುಂಬಿದಾಗ ಬರಲಿ. ದಾಟಿಸಲು ನಾವಿದ್ದೇವೆ.

— ಅರಣ್ಯ ಹಕ್ಕು ಸಮಿತಿಯ ಸದಸ್ಯೆ, ಕಳಸ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ