ರಕ್ತದ ಲೈನಿಗೆ ಆರ್‌ಎಲ್ ಸೇರಿಸಬೇಡಿ

ಮಾನ್ಯ ಸಂಪಾದಕರೇ,

ಜೂನ್ 14 ಬಂತೆಂದರೆ ಪತ್ರಿಕೆಗಳಲ್ಲಿ ರಕ್ತದಾನದ ಲೇಖನಗಳು ಸಾಲಾಗಿ ಬರುತ್ತವೆ. ಬರಲಿ, ಒಳ್ಳೆಯದೇ. ಆದರೆ ಕೊಟ್ಟ ರಕ್ತವನ್ನು ವಾರ್ಡಿನಲ್ಲಿ ಹೇಗೆ ಏರಿಸುತ್ತಾರೆ ಅನ್ನುವುದರ ಬಗ್ಗೆ ಹೆಚ್ಚು ಯಾರೂ ಬರೆಯುವುದಿಲ್ಲ. ಬ್ಲಡ್ ಬ್ಯಾಂಕಿನಲ್ಲಿ ಟೆಕ್ನಿಷಿಯನ್ ಆಗಿ ನಿವೃತ್ತಳಾದ ನನಗೆ ಅದೇ ಹೇಳಬೇಕಾದ ವಿಷಯ.

ಒಮ್ಮೆ ಒಂದು ನರ್ಸಿಂಗ್ ಹೋಮಿನಿಂದ ಅರ್ಧ ಏರಿಸಿದ ಬ್ಯಾಗ್ ಟ್ಯೂಬಿನ ಸಮೇತ ವಾಪಸ್ ಬಂತು. "ನೀವು ಕೊಟ್ಟ ರಕ್ತವೇ ಸರಿಯಿಲ್ಲ ಮೇಡಂ, ಗಡ್ಡೆ ಕಟ್ಟಿದೆ" ಅಂತ ರೋಗಿಯ ಅಣ್ಣ ಕೂಗಾಡುತ್ತಿದ್ದರು. ಬ್ಯಾಗನ್ನು ಬೆಳಕಿಗೆ ಹಿಡಿದು ಮೆಲ್ಲಗೆ ವಾಲಿಸಿದೆ. ರಕ್ತ ಸಲೀಸಾಗಿ ಹರಿಯಿತು, ಒಂದು ಗಂಟೂ ಇಲ್ಲ. ಗಡ್ಡೆ ಇದ್ದದ್ದು ಕೆಳಗೆ. ಪಕ್ಕದ ಡ್ರಿಪ್ಪಿನ ಟ್ಯೂಬು ಬಂದು ಸೇರುವ ಜಾಗದಿಂದ ಸೂಜಿಯವರೆಗೆ ಕಪ್ಪುಗೆಂಪು ದಾರದ ಹಾಗೆ ಕೂತಿತ್ತು. ಪಕ್ಕದಲ್ಲಿ ಏನು ಬಿಟ್ಟಿದ್ದಿರಿ ಅಂತ ಫೋನ್ ಮಾಡಿ ಕೇಳಿದೆ. "ಆರ್‌ಎಲ್" ಅಂದರು, ಅಂದರೆ ರಿಂಗರ್ ಲ್ಯಾಕ್ಟೇಟ್ ಎಂಬ ಲವಣಗಳ ಡ್ರಿಪ್.

ರಕ್ತ ಹೆಪ್ಪುಗಟ್ಟಬೇಕಾದರೆ ಕ್ಯಾಲ್ಸಿಯಂ ಬೇಕೇ ಬೇಕು. 350 ಎಂಎಲ್ ರಕ್ತ ಹಿಡಿಯುವ ಬ್ಯಾಗಿನಲ್ಲಿ ಮೊದಲೇ ಹೆಪ್ಪುಗಟ್ಟದಂತೆ ತಡೆಯುವ 49 ಎಂಎಲ್ ಸಿಪಿಡಿಎ ದ್ರಾವಣ ಇರುತ್ತದೆ. ಅದರಲ್ಲಿರುವ ಸಿಟ್ರೇಟ್ ಈ ಕ್ಯಾಲ್ಸಿಯಂ ಅನ್ನು ಹಿಡಿದಿಡುತ್ತದೆ. ಹಾಗಾಗಿಯೇ ಫ್ರಿಜ್ಜಿನಲ್ಲಿ 35 ದಿನ ಇಟ್ಟರೂ ರಕ್ತ ನೀರಾಗಿಯೇ ಇರುತ್ತದೆ. ಆದರೆ ಆರ್‌ಎಲ್‌ನಲ್ಲಿ ಕ್ಯಾಲ್ಸಿಯಂ ಇದೆ. ಕಪ್ಪೆಯ ಹೃದಯ ಬಡಿಯುತ್ತಿರಲು ಕ್ಯಾಲ್ಸಿಯಂ ಬೇಕು ಅಂತ, ಈ ದ್ರಾವಣದ ಹೆಸರಿನಲ್ಲಿರುವ ಸಿಡ್ನಿ ರಿಂಗರ್ ಎಂಬ ಇಂಗ್ಲೆಂಡಿನ ವೈದ್ಯರು 1880ರ ದಶಕದಲ್ಲಿ ಕಂಡುಕೊಂಡಿದ್ದರು. ರಕ್ತದ ಜೊತೆ ಒಂದೇ ಟ್ಯೂಬಿನಲ್ಲಿ ಆರ್‌ಎಲ್ ಹರಿಸಿದರೆ ಸಿಟ್ರೇಟ್ ತಡೆದಿಟ್ಟ ಹೆಪ್ಪುಗಟ್ಟುವ ಕೆಲಸ ಮತ್ತೆ ಶುರುವಾಗಬಹುದು.

ಬೇಗ ಏರಿಸಿದರೆ ಏನೂ ಆಗುವುದಿಲ್ಲ ಅಂತ ವಾದಿಸುವ ಡಾಕ್ಟರುಗಳಿದ್ದಾರೆ. ಕೆಲವು ಲ್ಯಾಬ್ ಪರೀಕ್ಷೆಗಳೂ ಹಾಗೇ ತೋರಿಸಿವೆ. ಆಪರೇಷನ್ ಥಿಯೇಟರಿನಲ್ಲಿ ಆ ಮಾತು ನಡೆದೀತು. ಆದರೆ ರಕ್ತ ಕಡಿಮೆಯಿರುವ ಬಸುರಿಗೆ ಮೂರ್ನಾಲ್ಕು ಗಂಟೆ ಹನಿಹನಿಯಾಗಿ ಏರಿಸುವಾಗ ಎರಡೂ ಬೆರೆತು ಟ್ಯೂಬಿನಲ್ಲೇ ನಿಂತಿರುತ್ತವಲ್ಲ?

ಗ್ಲೂಕೋಸಿನ ಕತೆಯೇ ಬೇರೆ. "ತುಂಬಾ ಸುಸ್ತಾಗಿದ್ದಾರೆ ಸಿಸ್ಟರ್, ಜೊತೆಗೊಂದು ಗ್ಲೂಕೋಸೂ ಬಿಡಿ" ಅಂತ ಮನೆಯವರೇ ಒತ್ತಾಯ ಮಾಡುತ್ತಾರೆ. ಗ್ಲೂಕೋಸ್ ಡ್ರಿಪ್, ಅಂದರೆ 5% ಡೆಕ್ಸ್ಟ್ರೋಸ್, ಬೆರೆತರೆ ಕೆಂಪು ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ನೀರು ಎಳೆದುಕೊಂಡು ಊದಿ ಒಡೆಯುತ್ತವೆ. ದಾನಿ ಕೊಟ್ಟದ್ದು ಸುಮ್ನೆ ಹಾಳು.

ರಕ್ತದ ಲೈನಿನಲ್ಲಿ 0.9% ನಾರ್ಮಲ್ ಸಲೈನ್, ಅಂದರೆ ಬರೀ ಉಪ್ಪುನೀರಿನ ಡ್ರಿಪ್, ಒಂದೇ ಇರಲಿ. ಇಂಜೆಕ್ಷನ್ ಕೂಡ ಅದರೊಳಗೆ ಬೇಡ. ಬೇರೆ ಡ್ರಿಪ್ ಬೇಕೇ ಬೇಕಾದರೆ ಇನ್ನೊಂದು ಕೈಯಲ್ಲಿ ಲೈನ್ ಹಾಕಲಿ. ನರ್ಸುಗಳನ್ನು ದೂರಿ ಪ್ರಯೋಜನವಿಲ್ಲ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬಳೇ ಹುಡುಗಿ, ಅದೂ ಕೆಲಸಕ್ಕೆ ಹೊಸಬಳು. ಅವಳಿಗೆ ಪಾಠ ನೆನಪಾಗುವ ಹೊತ್ತಾ ಅದು?

ಅದಕ್ಕೇ ನನ್ನ ಕೋರಿಕೆ ಬ್ಲಡ್ ಬ್ಯಾಂಕುಗಳಿಗೆ. ಬ್ಯಾಗಿನ ಜೊತೆ ಕೊಡುವ ಕ್ರಾಸ್‌ಮ್ಯಾಚ್ (ರಕ್ತ ರೋಗಿಗೆ ಹೊಂದುತ್ತದೆಯೇ ಎಂಬ ಪರೀಕ್ಷೆ) ಚೀಟಿಯ ಮೇಲೆ "ನಾರ್ಮಲ್ ಸಲೈನ್ ಮಾತ್ರ. ಆರ್‌ಎಲ್, ಗ್ಲೂಕೋಸ್ ಬೇಡ" ಅಂತ ಕನ್ನಡದಲ್ಲಿ, ಕೆಂಪು ಅಕ್ಷರದಲ್ಲಿ ಇರಲಿ. ಬ್ಯಾಗ್ ತರುವ ಮನೆಯವರೂ ಓದಿಕೊಳ್ಳಲಿ. ಹೊಸ ಚೀಟಿ ಅಚ್ಚು ಹಾಕಿಸುವವರೆಗೆ ಒಂದು ರಬ್ಬರ್ ಸ್ಟಾಂಪ್ ಸಾಕು.

– ನಿವೃತ್ತ ಲ್ಯಾಬ್ ಟೆಕ್ನಿಷಿಯನ್, ಶಿವಮೊಗ್ಗ